ಅಜ್ಜನ ಕೋವಿಗೆ ಹೊಸ ಹೊಳಪು ಬೇಕೇ? ಮೊದಲು ಇಷ್ಟು ನೋಡಿ

ಬಣ್ಣ ಹೋದ ಹಳೆಯ ಜೋಡುನಳಿಗೆ ಕೋವಿ ಕಂಡರೆ ಕೈ ಸುಮ್ಮನಿರುವುದಿಲ್ಲ. ಒಂದು ಹಾಳೆ ಎಮರಿ ಪೇಪರ್, ಒಂದು ಡಬ್ಬಿ ವಾರ್ನಿಷ್ ತಂದರೆ ಭಾನುವಾರ ಸಂಜೆಯೊಳಗೆ ಹೊಸದರಂತೆ ಮಾಡಿಬಿಡಬಹುದು ಅನ್ನಿಸುತ್ತದೆ. ಕೊಡಗಿನ ಎಷ್ಟೋ ಒಳ್ಳೆಯ ಕೋವಿಗಳು ಬೆಲೆ ಕಳೆದುಕೊಂಡದ್ದು ಮಳೆಯಿಂದಲ್ಲ, ಈ ಉತ್ಸಾಹದಿಂದ. ಉಜ್ಜಿ ತೆಗೆದ ಲೋಹ ಮತ್ತೆ ಬರುವುದಿಲ್ಲ. ಹೊಳಪು ಕೊಡುವುದೋ ಬಿಡುವುದೋ ಎಂಬುದನ್ನು ಈ ಕ್ರಮದಲ್ಲಿ ಯೋಚಿಸಿ.

ಮೊದಲು, ಒಳಗೆ ಈಡು ಇದೆಯೇ?

ತೋಟಾ ಹಾಕುವ ಕೋವಿಯಾದರೆ ನಳಿಗೆ ಬಗ್ಗಿಸಿ ತೆರೆದು ನೋಡಿದರೆ ಸಾಕು. ಬಾಯಿಯಿಂದ ಮದ್ದು ತುಂಬಿ, ಹಿಂದೆ ಕೇಪು ಇಟ್ಟು ಹೊಡೆಯುವ ಕೇಪಿನ ಕೋವಿ ಹಾಗಲ್ಲ; ಯಾರೋ ತುಂಬಿಟ್ಟ ಮದ್ದು ದಶಕಗಳ ನಂತರವೂ ಒಳಗೇ ಕೂತಿರಬಹುದು. ನಳಿಗೆಯ ಬಾಯಿಗೆ ನೇರವಾಗಿ ಕೈಯಾಗಲಿ ಮುಖವಾಗಲಿ ಬಾರದಂತೆ ಪಕ್ಕದಲ್ಲಿ ನಿಂತು, ತೆಳ್ಳನೆಯ ಮರದ ಕೋಲನ್ನು ನಳಿಗೆಯೊಳಗೆ ಮೆಲ್ಲಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಗುರುತು ಹಾಕಿ. ಅದೇ ಕೋಲನ್ನು ಹೊರಗೆ ನಳಿಗೆಯ ಪಕ್ಕ ಹಿಡಿದರೆ ತುದಿ ಕೇಪು ಕೂರುವ ಜಾಗದ ಹತ್ತಿರಕ್ಕೆ ಬರಬೇಕು. ನಾಲ್ಕು ಬೆರಳು ಮುಂದೆಯೇ ನಿಂತರೆ ಒಳಗೆ ಏನೋ ಇದೆ ಎಂದರ್ಥ. ಕೆದಕಬೇಡಿ, ಬಲ್ಲವರಿಗೆ ತೋರಿಸಿ.

ನಂಬರು ಮತ್ತು ಕಾಗದ

ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಇರುವ ವಿನಾಯಿತಿ ಸದ್ಯಕ್ಕೆ 2029ರ ಅಕ್ಟೋಬರ್ 31ರ ತನಕ ಇದೆ. ಆದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 8ನೇ ಕಲಂ ಪ್ರಕಾರ ಕೋವಿಯ ಮೇಲಿನ ಹೆಸರು, ನಂಬರು, ಗುರುತುಗಳನ್ನು ಅಳಿಸುವುದು ಅಪರಾಧ. ಪಾಲಿಶ್ ಮಾಡುವಾಗ ಅಳಿಸಿಹೋಯಿತು ಎಂದರೆ ಕೇಳುವವರಿಲ್ಲ. ಆದ್ದರಿಂದ ನಂಬರು, ಕಂಪನಿ ಹೆಸರು, ನಳಿಗೆಯ ಅಡಿಯ ಮುದ್ರೆಗಳ ಫೋಟೊ ತೆಗೆದು, ನಂಬರನ್ನು ನಿಮ್ಮ ಕಾಗದದೊಂದಿಗೆ ತಾಳೆ ನೋಡಿ. ದುರಸ್ತಿಗೂ ಪರವಾನಗಿ ಇದ್ದವರ ಬಳಿಯೇ ಹೋಗಿ.

ನಳಿಗೆ ಯಾವ ಜಾತಿಯದು?

ನಿರ್ಧಾರದ ಮುಕ್ಕಾಲು ಪಾಲು ಇರುವುದು ಇಲ್ಲಿ. ಹತ್ತೊಂಬತ್ತನೇ ಶತಮಾನದ ಅನೇಕ ಕೋವಿಗಳ ನಳಿಗೆ ಡಮಾಸ್ಕಸ್‌ನದು: ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹುರಿಮಾಡಿ, ಸರಳಿನ ಸುತ್ತ ಸುತ್ತಿ, ಕುಲುಮೆಯಲ್ಲಿ ಬೆಸೆದದ್ದು. ಅದರ ಮೇಲೆ ಕಂದು ಬಣ್ಣ ಕೊಟ್ಟು ಅಲೆಅಲೆಯಾದ ಚಿತ್ತಾರ ಎಬ್ಬಿಸುತ್ತಿದ್ದರು. ಬಣ್ಣ ಸವೆದರೆ, ಅಥವಾ ನಡುವೆ ಯಾರಾದರೂ ನೀಲಿ ಹಾಕಿಸಿದ್ದರೆ ಚಿತ್ತಾರ ಕಾಣುವುದಿಲ್ಲ, ಕೋವಿ ಸಾದಾ ಉಕ್ಕಿನಂತೆ ತೋರುತ್ತದೆ. ಮುಂದಿನ ಮರದ ತುಂಡು ಬಿಚ್ಚಿ, ಕೈ ತಾಕದ ಅಡಿಭಾಗವನ್ನು ಟಾರ್ಚ್ ಹಾಕಿ ನೋಡಿ. ಅಲ್ಲಿ ಗೆರೆಗಳು ಉಳಿದಿರಬಹುದು.

ಡಮಾಸ್ಕಸ್ ಆದರೆ ಅದಕ್ಕೆ ಈ ಕಾಲದ ತೋಟಾ ಹಾಕುವ ಆಸೆ ಬಿಡಿ. ಒಳಗಿನ ತುಕ್ಕು, ಬೆಸುಗೆಯ ದೋಷ ಕಣ್ಣಿಗೆ ಕಾಣುವುದಿಲ್ಲ. ಉಕ್ಕಿನ ನಳಿಗೆಯಲ್ಲೂ ಒಂದು ತೊಡಕಿದೆ. ಆಗಿನ ಅನೇಕ ಹನ್ನೆರಡು ಬೋರಿನ ಕೋವಿಗಳ ಗೂಡು 65 ಮಿ.ಮೀ. ಉದ್ದದ ತೋಟಾಕ್ಕೆ ಮಾಡಿದ್ದು. ಇಂದು ಸಾಮಾನ್ಯವಾಗಿ ಸಿಗುವುದು 70 ಮಿ.ಮೀ. ಒಳಗೆ ಕೂತಿತು ಎಂಬ ಮಾತ್ರಕ್ಕೆ ಹೊಡೆಯಬಹುದು ಎಂದಲ್ಲ. ನಳಿಗೆಯ ಗೋಡೆ ಎಷ್ಟು ದಪ್ಪ ಉಳಿದಿದೆ ಎಂದು ಅಳೆಸದೆ ಪಾಲಿಶ್ ಮಾತೇ ಬೇಡ, ಏಕೆಂದರೆ ಪ್ರತಿ ಪಾಲಿಶ್ ಆ ಗೋಡೆಯನ್ನೇ ತಿನ್ನುತ್ತದೆ.

ತುಕ್ಕೋ, ವಯಸ್ಸೋ?

ಬಿಳಿ ಬಟ್ಟೆಗೆ ಕೋವಿ ಎಣ್ಣೆ ಹಾಕಿ ಒರೆಸಿ. ಬಟ್ಟೆಗೆ ಕೆಂಪು ಪುಡಿ ಹತ್ತಿದರೆ ತುಕ್ಕು ಇನ್ನೂ ಜೀವಂತ, ಅದನ್ನು ಬಿಡಬಾರದು. ಅತಿ ನಯವಾದ 0000 ನಂಬರಿನ ಸ್ಟೀಲ್ ವುಲ್ಲನ್ನು ಎಣ್ಣೆಯಲ್ಲಿ ನೆನೆಸಿ, ಕಾಣದ ಒಂದು ಮೂಲೆಯಲ್ಲಿ ಪರೀಕ್ಷಿಸಿ, ಒತ್ತದೆ ಉಜ್ಜಿ. ಬೂದು ಅಥವಾ ಕಂದು ಬಣ್ಣ ಹಾಗೇ ನಿಂತರೆ ಅದು ವಯಸ್ಸು. ಅಲ್ಲಿಗೆ ನಿಲ್ಲಿಸಿ. ಸಂಗ್ರಹಕಾರರ ಕಣ್ಣಿನಲ್ಲಿ ಅರೆಬರೆ ಉಳಿದ ಮೂಲ ಬಣ್ಣಕ್ಕೆ ಪೂರ್ತಿ ಹೊಸ ಬಣ್ಣಕ್ಕಿಂತ ಹೆಚ್ಚು ಮರ್ಯಾದೆ. ಕೋವಿಯ ಕುದುರೆಯ (ಗುಂಡು ಹಾರಿಸುವ ಕೀಲಿನ) ಪಕ್ಕದ ತಗಡುಗಳಲ್ಲಿ ಎಣ್ಣೆ ತೇಲಿದ ನೀರಿನಂತೆ ನೀಲಿ, ಹಳದಿ ಬಣ್ಣಗಳ ನೆರಳು ಕಂಡರಂತೂ ಬೆರಳೂ ತಾಗಿಸಬೇಡಿ. ಮೂಳೆ ಮತ್ತು ಇದ್ದಿಲಿನ ನಡುವೆ ಕಾಯಿಸಿ ಬರಿಸಿದ ಬಣ್ಣ ಅದು. ಮತ್ತೆ ಬರಿಸಲು ಮತ್ತೆ ಕಾಯಿಸಬೇಕು, ಆಗ ತಗಡು ತಿರುಚಿಕೊಳ್ಳುವ ಅಪಾಯವಿದೆ.

ಹಾಗಾದರೆ ಯಾವಾಗ ಮಾಡಿಸಬಹುದು?

ಮೂಲ ಬಣ್ಣ ಹೇಗೂ ಉಳಿದಿಲ್ಲ, ಹಿಂದೆಯೇ ಯಾರೋ ಕೆಟ್ಟದಾಗಿ ಪಾಲಿಶ್ ಮಾಡಿದ್ದಾರೆ, ಕೋವಿ ಗಟ್ಟಿಯಾಗಿದೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಒಯ್ಯುತ್ತೀರಿ ಎಂದಾದರೆ ಧಾರಾಳವಾಗಿ ಮಾಡಿಸಿ. ಆದರೆ ರಿಪೇರಿಯವರಿಗೆ ಒಂದು ಮಾತು ಸ್ಪಷ್ಟವಾಗಿ ಹೇಳಿ: ಜೋಡುನಳಿಗೆಯನ್ನು ಕುದಿಯುವ ಕ್ಷಾರದ ತೊಟ್ಟಿಯಲ್ಲಿ ಅದ್ದಬಾರದು. ಎರಡು ನಳಿಗೆಗಳ ನಡುವಿನ ಪಟ್ಟಿಯನ್ನು ಹಿಡಿದಿರುವ ಸೀಸ ತವರದ ಬೆಸುಗೆಯನ್ನು ಆ ದ್ರಾವಣ ತಿನ್ನುತ್ತದೆ. ಇದಕ್ಕೆ ತಕ್ಕದ್ದು ತುಕ್ಕಿನ ಬ್ಲೂಯಿಂಗ್. ನಳಿಗೆಗೆ ತೆಳುವಾಗಿ ತುಕ್ಕು ಬರಿಸಿ, ನೀರಲ್ಲಿ ಕುದಿಸಿ ಕಪ್ಪಾಗಿಸಿ, ಉಜ್ಜಿ, ಮತ್ತೆ ಅದನ್ನೇ ಹಲವು ಸಲ ಮಾಡುವುದು. ದಿನಗಟ್ಟಲೆ ಹಿಡಿಯುತ್ತದೆ. ತುಕ್ಕು ಬರಿಸಲು ಗಾಳಿಯಲ್ಲಿ ತೇವ ಬೇಕು. ಆ ವಿಷಯದಲ್ಲಿ ಮಡಿಕೇರಿಗೆ ಬಡತನವಿಲ್ಲ.

ಮರದ ಹಿಡಿ

ಇದಕ್ಕೆ ಮರಳು ಕಾಗದ ಬೇಡವೇ ಬೇಡ. ಲೋಹಕ್ಕೂ ಮರಕ್ಕೂ ಮಟ್ಟಸವಾಗಿ ಕೂಡಿದ ಅಂಚು ಒಮ್ಮೆ ತಗ್ಗಿದರೆ ಮುಗಿಯಿತು. ಜಿಡ್ಡು ಒರೆಸಿ. ತಗ್ಗು ಬಿದ್ದಲ್ಲಿ ಒದ್ದೆ ಬಟ್ಟೆ ಇಟ್ಟು, ಬಿಸಿ ಇಸ್ತ್ರಿಪೆಟ್ಟಿಗೆಯ ತುದಿ ಒತ್ತಿದರೆ ಹಬೆಗೆ ಮರ ಉಬ್ಬಿಕೊಳ್ಳುತ್ತದೆ. ಆಮೇಲೆ ಕುದಿಸಿದ ಅಗಸೆ ಎಣ್ಣೆ, ಕೆಲವೇ ಹನಿ, ಅಂಗೈಯಿಂದ ತಿಕ್ಕಿ. ಒಂದು ಪದರ ಪೂರ್ತಿ ಒಣಗದೆ ಇನ್ನೊಂದು ಹಚ್ಚಬೇಡಿ. ಜಡಿಮಳೆಯ ಕಕ್ಕಡ ಮಾಸದಲ್ಲಿ ಇದು ಒಣಗುವ ಮಾತಿಲ್ಲ, ಫೆಬ್ರವರಿ ಮಾರ್ಚ್ ಸರಿಯಾದ ಕಾಲ. ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ತಾನಾಗಿ ಹೊತ್ತಿಕೊಳ್ಳಬಹುದು. ಹೊರಗೆ ಹರಡಿ ಒಣಗಿಸಿ.

ಆಮೇಲಿನ ಆರೈಕೆ

ಬಟ್ಟೆ ಅಥವಾ ಚರ್ಮದ ಚೀಲದಲ್ಲಿ ಕೋವಿಯನ್ನು ವರ್ಷಗಟ್ಟಲೆ ಬಿಡಬೇಡಿ, ಅದು ತೇವ ಹಿಡಿಯುತ್ತದೆ. ಗಾಳಿಯಾಡುವ ಬೀಗದ ಕಪಾಟು ಒಳ್ಳೆಯದು. ಮಳೆಗಾಲದಲ್ಲಿ ಆಗಾಗ ತೆಗೆದು ಎಣ್ಣೆಯ ಬಟ್ಟೆಯಲ್ಲಿ ಒರೆಸಿ. ಕೊಡವರ ಆಯುಧ ಪೂಜೆಯ ಹಬ್ಬವಾದ ಕೈಲ್ ಪೊಳ್ದ್ ಪೂಜೆ ಮುಗಿದ ಮೇಲೆ ನಳಿಗೆಯ ಬಾಯಿಗೆ ಸಿಕ್ಕಿಸಿದ ತೋಕ್ ಪೂ (ಕೋವಿ ಹೂ) ತೆಗೆದು, ಗಂಧ ಕುಂಕುಮವನ್ನು ಅಂದೇ ಒರೆಸಿಬಿಡಿ. ಒದ್ದೆ ಗಂಧ ಒಂದು ರಾತ್ರಿ ಕೂತರೂ ಅದರ ಅಡಿಯಲ್ಲಿ ತುಕ್ಕಿನ ಚುಕ್ಕೆ ಏಳುತ್ತದೆ.