ಹಳೆಯ ಫ್ಲಾಪಿಯಲ್ಲಿ ಕುಗ್ಗಿ ಕೂತ ಪುಸ್ತಕಗಳು: ನನ್ನ ಅನುಭವ

ಹಳೆಯ ಕಾಲದ ಕಂಪ್ರೆಸ್ ಆದ, ಅಂದರೆ ಕುಗ್ಗಿಸಿಟ್ಟ ಫೈಲ್ ಕೈಗೆ ಸಿಕ್ಕರೆ ನಾನು ಮೊದಲು ಅದರ ಹೆಸರು ನೋಡುವುದಿಲ್ಲ. ಬೈಟ್‌ಗಳನ್ನು ಹದಿನಾರರ ಲೆಕ್ಕದ (ಹೆಕ್ಸ್) ಸಂಖ್ಯೆಗಳಾಗಿ ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ ತೆರೆದು ಶುರುವಿನ ಬೈಟ್‌ಗಳನ್ನು ನೋಡುತ್ತೇನೆ. ಹೆಸರನ್ನು ಯಾರು ಬೇಕಾದರೂ ಬದಲಾಯಿಸಿರಬಹುದು. ಒಳಗಿನ ಬೈಟ್‌ಗಳಿಗೆ ಯಾರೂ ಕೈ ಹಾಕಿರುವುದಿಲ್ಲ. 60 ಇಎ ಇದ್ದರೆ ಅದು ಎಆರ್‌ಜೆ ಎಂಬ ಕುಗ್ಗಿಸುವ ಪ್ರೋಗ್ರಾಮಿನ ಫೈಲ್. 1ಎ ಇದ್ದರೆ ಬಹುಶಃ ಆರ್ಕ್. 50 4ಬಿ 03 04 ಇದ್ದರೆ ಜಿಪ್. ಈ 50 ಮತ್ತು 4ಬಿ ಅಂದರೆ ಇಂಗ್ಲಿಷಿನ ಪಿ ಮತ್ತು ಕೆ. ಜಿಪ್ ರೂಪಿಸಿದ ಫಿಲ್ ಕಾಟ್ಜ್ ಎಂಬ ಅಮೆರಿಕದ ಪ್ರೋಗ್ರಾಮರ್ ಹೆಸರಿನ ಮೊದಲ ಅಕ್ಷರಗಳು. ನಾವು ಈಗ ದಿನಾ ಕಳಿಸುವ ವರ್ಡ್ ಡಾಕ್ಯುಮೆಂಟ್, ಆಂಡ್ರಾಯ್ಡ್‌ನ ಎಪಿಕೆ, ಇ-ಪಬ್ ಪುಸ್ತಕ ಎಲ್ಲವೂ ಒಳಗಡೆ ಜಿಪ್ಪೇ. ಎಲ್ಲದರ ಶುರುವಿನಲ್ಲೂ ಆ ಎರಡು ಅಕ್ಷರ ಇರುತ್ತವೆ.

ತೊಂಬತ್ತರ ದಶಕದಲ್ಲಿ ನಾನು ಧಾರವಾಡದಲ್ಲಿ ಡಿಟಿಪಿ ಕೆಲಸ ಮಾಡುತ್ತಿದ್ದೆ. ಈಗ ಲೇಖಕರು, ಪ್ರೆಸ್‌ನವರು ಎತ್ತಿಟ್ಟ ಹಳೆಯ ಫ್ಲಾಪಿಗಳನ್ನು ಓದಿ ಕೊಡುತ್ತೇನೆ. ಇಲ್ಲಿ ಹೇಳುತ್ತಿರುವುದು ಮುಚ್ಚಿಹೋದ ಒಂದು ಪ್ರೆಸ್‌ನ ಫ್ಲಾಪಿಗಳ ಕಥೆ. ಮಾಲೀಕರ ಮಗ ಡಬ್ಬಿ ತಂದಿಟ್ಟು, "ಸರ, ಇವು ಇನ್ನ ತೆರಿತಾವೇನ್ರಿ?" ಅಂತ ಕೇಳಿದರು. ಕಥೆ, ಕವನ, ಶಾಲೆಯ ಸ್ಮರಣ ಸಂಚಿಕೆ, ಮದುವೆ ಕಾರ್ಡು ಎಲ್ಲಾ ಅದರಲ್ಲಿದ್ದವು. ಆದರೆ ಒಂದೂ ನೇರವಾಗಿ ಇರಲಿಲ್ಲ. ಎಲ್ಲವನ್ನೂ ಯಾವುದೋ ಒಂದು ಸಾಫ್ಟ್‌ವೇರಿನಿಂದ ಕುಗ್ಗಿಸಿ ಇಟ್ಟಿದ್ದರು.

ಆಗ ಬೇರೆ ದಾರಿಯೂ ಇರಲಿಲ್ಲ ಅಲ್ವಾ. ಒಂದು ಫ್ಲಾಪಿಯಲ್ಲಿ ಹಿಡಿಯುವುದು 1.44 ಎಂಬಿ. ಪೇಜ್‌ಮೇಕರ್‌ನಲ್ಲಿ ಮಾಡಿದ ಪುಸ್ತಕಕ್ಕೆ ನಾಲ್ಕು ಸ್ಕ್ಯಾನ್ ಚಿತ್ರ ಸೇರಿದರೆ ಅದು ಒಂದು ಫ್ಲಾಪಿಯಲ್ಲಿ ಕೂರುತ್ತಲೇ ಇರಲಿಲ್ಲ. ಕಂಪ್ರೆಷನ್ ಸಾಫ್ಟ್‌ವೇರ್ ಗೊತ್ತಿದ್ದವನೇ ಆಫೀಸಿನಲ್ಲಿ ಜಾಣ.

ಮೊದಲ ಕೆಲಸ ಫ್ಲಾಪಿಯ ಇಮೇಜ್, ಅಂದರೆ ಇಡೀ ಫ್ಲಾಪಿಯ ತದ್ರೂಪು ನಕಲನ್ನು ಒಂದು ಫೈಲಾಗಿ ತೆಗೆಯುವುದು. ಶಟರ್ ಸರಿಸಿ ಬೆಳಕಿಗೆ ಹಿಡಿದು ನೋಡುತ್ತೇನೆ. ನಮ್ಮ ಕಡೆಯ ಮಳೆಗಾಲಕ್ಕೆ ಒಳಗಿನ ಹಾಳೆಯ ಮೇಲೆ ಬಿಳಿ ಬೂಷ್ಟು ಕೂತಿರುತ್ತದೆ. ಹಾಗೇ ಡ್ರೈವಿಗೆ ಹಾಕಿದರೆ ಅದರ ಹೆಡ್ ಕೆಡುತ್ತದೆ, ಮುಂದಿನ ಫ್ಲಾಪಿಯೂ ಗೀಚಿಹೋಗುತ್ತದೆ. ಹತ್ತಿಯಲ್ಲಿ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿ ನಿಧಾನವಾಗಿ ಒರೆಸಬೇಕು. ಆಮೇಲೆ ಯುಎಸ್‌ಬಿ ಡ್ರೈವಿನಲ್ಲಿ ಹಾಕಿ, ಲಿನಕ್ಸ್‌ನ ಡಿಡಿರೆಸ್ಕ್ಯೂ ಓಡಿಸುತ್ತೇನೆ. ಅದು ಚೆನ್ನಾಗಿರುವ ಜಾಗಗಳನ್ನು ಮೊದಲು ಓದಿ, ಹಟ ಮಾಡುವ ಸೆಕ್ಟರ್‌ಗಳಿಗೆ (ಫ್ಲಾಪಿಯ ಸಣ್ಣ ಸಣ್ಣ ಭಾಗಗಳಿಗೆ) ಆಮೇಲೆ ಮತ್ತೆ ಮತ್ತೆ ಬರುತ್ತದೆ. ಮುಂದಿನ ಕೆಲಸವೆಲ್ಲ ಆ ಇಮೇಜಿನ ಮೇಲೆಯೇ. ಅಸಲಿ ಫ್ಲಾಪಿ ಮತ್ತೆ ಡಬ್ಬಿಗೆ.

ಡಬ್ಬಿಯಲ್ಲಿ ಎಲ್ಲಕ್ಕಿಂತ ಹಳೆಯವು ಕೆಲವು ಆರ್ಕ್ ಫೈಲ್‌ಗಳು. 1985ರಲ್ಲಿ ಅಮೆರಿಕದ ಥಾಮ್ ಹೆಂಡರ್ಸನ್ ತಮ್ಮ ಎಸ್‌ಇಎ ಕಂಪನಿಯಿಂದ ಆರ್ಕ್ ಹೊರತಂದರು. ಹಲವು ಫೈಲ್‌ಗಳನ್ನು ಒಂದೇ ಕಟ್ಟು ಮಾಡಿ ಕುಗ್ಗಿಸುವುದು ಪಿಸಿಯಲ್ಲಿ ಅದರಿಂದಲೇ ಮನೆಮಾತಾಯಿತು. ಕಾಟ್ಜ್ ಅದೇ ಕೆಲಸವನ್ನು ತುಂಬಾ ವೇಗವಾಗಿ ಮಾಡುವ ಪಿಕೆಆರ್ಕ್ ಬರೆದರು. ಆರ್ಕ್ ಅನ್ನು ನಕಲು ಮಾಡಿದ್ದಾರೆ ಅಂತ 1988ರಲ್ಲಿ ಎಸ್‌ಇಎ ಕೋರ್ಟಿಗೆ ಹೋಯಿತು. ಅದೇ ವರ್ಷ ರಾಜಿಯಾಯಿತು, ಕಾಟ್ಜ್ ಹಣ ಕೊಟ್ಟರು, ಪಿಕೆಆರ್ಕ್ ಕೈಬಿಟ್ಟರು. ಜನ ಕಾಟ್ಜ್ ಪರ ನಿಂತರು. ಆದರೆ ಹೆಂಡರ್ಸನ್ ಕಡೆಗೂ ನ್ಯಾಯ ಇತ್ತು ಅಂತಲೇ ನನಗೆ ಅನ್ನಿಸುತ್ತದೆ. ತಮ್ಮ ಪ್ರೋಗ್ರಾಮಿನ ಸೋರ್ಸ್ ಕೋಡನ್ನು ನಂಬಿಕೆಯಿಂದ ಹೊರಗೆ ಬಿಟ್ಟವರು ಅವರು.

1989ರಲ್ಲಿ ಕಾಟ್ಜ್ ಪಿಕೆಜಿಪ್ ತಂದರು. ಅದರ ಜೊತೆಗೇ ಇನ್ನೊಂದು ಕೆಲಸ ಮಾಡಿದರು. ಜಿಪ್ ಫೈಲಿನ ಒಳಗೆ ಯಾವ ಬೈಟ್ ಎಲ್ಲಿ ಇರುತ್ತದೆ, ಯಾವುದಕ್ಕೆ ಏನು ಅರ್ಥ ಅಂತ ಪೂರ್ತಿ ಬರೆದು, ಯಾರು ಬೇಕಾದರೂ ಬಳಸಿಕೊಳ್ಳಿ ಅಂತ ಕೊಟ್ಟುಬಿಟ್ಟರು. ಆಪ್‌ನೋಟ್ ಎಂಬ ಸಾದಾ ಟೆಕ್ಸ್ಟ್ ಫೈಲ್ ಅದು. ನಾನು ಈಗಲೂ ಅದನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡೇ ಕೆಲಸ ಮಾಡುತ್ತೇನೆ.

ಅದರಿಂದ ಏನು ಉಪಯೋಗ ಅಂತ ಒಂದು ಫೈಲಿನಲ್ಲೇ ತೋರಿಸುತ್ತೇನೆ. ಒಂದು ಕವನ ಸಂಕಲನದ ಜಿಪ್ ಇತ್ತು. ಪಿಕೆ ಸಹಿಯ ನಂತರ ನಾಲ್ಕು ಬೈಟ್ ದಾಟಿದರೆ ಕುಗ್ಗಿಸಿದ ವಿಧಾನದ ಸಂಖ್ಯೆ ಬರುತ್ತದೆ. ಇಲ್ಲಿ 06 00 ಇತ್ತು. ಅಂದರೆ ಇಂಪ್ಲೋಡ್, ಪಿಕೆಜಿಪ್ 1ರ ಕಾಲದ ವಿಧಾನ. ಆಮೇಲೆ ಎರಡು ಬೈಟ್ ಸಮಯ, ಮತ್ತೆರಡು ಬೈಟ್ ತಾರೀಖು. ತಾರೀಖಿನ ಜಾಗದಲ್ಲಿ 54 19 ಇತ್ತು. ತಿರುಗಿಸಿ ಓದಿದರೆ 1954. ಇದು ಇಸವಿಯಲ್ಲ, ಹೆಕ್ಸ್ ಸಂಖ್ಯೆ. ಹದಿನಾರು ಬಿಟ್ ಮಾಡಿ ಬರೆದರೆ 0001100 1010 10100. ಮೊದಲ ಏಳು ಬಿಟ್ 12, ಆ ಕಾಲದ ಪಿಸಿಗಳ ಆಪರೇಟಿಂಗ್ ಸಿಸ್ಟಂ ಡಾಸ್‌ನ ಲೆಕ್ಕ 1980ರಿಂದ ಶುರು, ಹಾಗಾಗಿ 1992. ಮುಂದಿನ ನಾಲ್ಕು 10, ಅಕ್ಟೋಬರ್. ಕೊನೆಯ ಐದು 20. ಪ್ರೆಸ್‌ನ ಕಂಪ್ಯೂಟರಿನ ಗಡಿಯಾರ ಸರಿ ಇತ್ತು ಅಂತಾದರೆ, ಆ ಕವನಗಳನ್ನು ಕೊನೆಯ ಸಲ ತಿದ್ದಿದ್ದು 1992ರ ಅಕ್ಟೋಬರ್ 20ರಂದು. ಪುಸ್ತಕದ ಮೊದಲ ಮುದ್ರಣ ಯಾವಾಗ ಅಂತ ಹುಡುಕುವವರಿಗೆ ಇದು ದೊಡ್ಡ ಸಾಕ್ಷಿ.

ಈ ಫೈಲನ್ನು ವಿಂಡೋಸ್‌ನಲ್ಲಿ ಡಬಲ್ ಕ್ಲಿಕ್ ಮಾಡಿದರೆ ಬಿಚ್ಚಿಕೊಳ್ಳಲಿಲ್ಲ. ಪೈಥಾನ್‌ನ ಜಿಪ್‌ಫೈಲ್ ಲೈಬ್ರರಿ ಕೂಡ ಇಂಪ್ಲೋಡ್ ನನಗೆ ಬರುವುದಿಲ್ಲ ಅಂತ ಹೇಳಿ ಕೈಚೆಲ್ಲುತ್ತದೆ. ಇಷ್ಟಕ್ಕೇ ಫೈಲ್ ಕೆಟ್ಟಿದೆ ಅಂತ ಎಸೆದುಬಿಟ್ಟವರನ್ನು ನಾನು ನೋಡಿದ್ದೇನೆ. ಇನ್ಫೋ-ಜಿಪ್ ತಂಡದವರ ಅನ್‌ಜಿಪ್ ಅದನ್ನು ಒಂದೇ ಏಟಿಗೆ ಬಿಚ್ಚಿತು. 7-ಜಿಪ್ ಕೂಡ ಬಿಚ್ಚುತ್ತದೆ. ವಿಧಾನ ಬರೆದಿಟ್ಟಿದ್ದರಿಂದ ತಾನೇ ಬೇರೆಯವರು ಅದನ್ನು ಓದುವ ಪ್ರೋಗ್ರಾಂ ಬರೆಯಲು ಆಗಿದ್ದು?

1993ರ ಪಿಕೆಜಿಪ್ 2.04ಜಿ ಬಂದ ಮೇಲೆ ಎಲ್ಲೆಲ್ಲೂ ಡಿಫ್ಲೇಟ್ ಎಂಬ ವಿಧಾನ. ಅದರಲ್ಲಿ ವಿಧಾನದ ಸಂಖ್ಯೆ 8. ಬೇರು ಇರುವುದು 1977ರಲ್ಲಿ ಲೆಂಪೆಲ್ ಮತ್ತು ಜಿವ್ ಬರೆದ ಪ್ರಬಂಧದಲ್ಲಿ ಮತ್ತು 1952ರ ಹಫ್‌ಮನ್ ಕೋಡ್‌ನಲ್ಲಿ. ಮದುವೆ ಕಾರ್ಡುಗಳ ಫೈಲಿನಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಪ್ರತಿ ಕಾರ್ಡಿನ ಕೊನೆಯಲ್ಲೂ "ಆಗಮನಾಭಿಲಾಷಿಗಳು" ಇದ್ದೇ ಇರುತ್ತದೆ. ಎರಡನೇ ಸಲ ಆ ಪದ ಬಂದಾಗ ಡಿಫ್ಲೇಟ್ ಅದನ್ನು ಮತ್ತೆ ಬರೆಯುವುದಿಲ್ಲ. ಇಷ್ಟು ಬೈಟ್ ಹಿಂದೆ ಹೋಗು, ಅಲ್ಲಿಂದ ಇಷ್ಟು ಬೈಟ್ ತೆಗೆದುಕೋ ಅಂತ ಎರಡು ಸಂಖ್ಯೆ ಬರೆದು ಮುಂದೆ ಹೋಗುತ್ತದೆ. 32 ಕೆಬಿವರೆಗೆ ಹಿಂದೆ ನೋಡಬಲ್ಲದು, ಒಂದು ಸಲಕ್ಕೆ 258 ಬೈಟ್‌ವರೆಗೆ ಎತ್ತಿಕೊಳ್ಳಬಲ್ಲದು. ಆಮೇಲೆ ಜಾಸ್ತಿ ಬರುವುದಕ್ಕೆ ಚಿಕ್ಕ ಕೋಡ್, ಅಪರೂಪದ್ದಕ್ಕೆ ಉದ್ದ ಕೋಡ್ ಕೊಡುವುದು ಹಫ್‌ಮನ್ ಪಾಲಿನ ಕೆಲಸ.

ಹಿಂದಕ್ಕೆ ಕೈ ತೋರಿಸುವ ಈ ಗುಣದಿಂದಲೇ ಕಷ್ಟವೂ ಬರುತ್ತದೆ. ನಡುವೆ ಒಂದು ಸೆಕ್ಟರ್ ಹೋದರೆ, ಅಲ್ಲಿಂದ ಮುಂದೆ ಆ ಫೈಲ್ ಪೂರ್ತಿ ಹೋದ ಹಾಗೆಯೇ. ಆದರೆ ಜಿಪ್‌ನಲ್ಲಿ ಪ್ರತಿ ಫೈಲನ್ನೂ ಬೇರೆ ಬೇರೆಯಾಗಿ ಕುಗ್ಗಿಸುತ್ತಾರೆ. ಹಾಗಾಗಿ ಒಂದು ಅಧ್ಯಾಯ ಹೋದರೂ ಮುಂದಿನ ಅಧ್ಯಾಯ ಉಳಿಯುತ್ತದೆ. ಫೈಲ್‌ಗಳ ಪಟ್ಟಿ ಜಿಪ್‌ನ ಕೊನೆಯಲ್ಲಿರುತ್ತದೆ. ಫ್ಲಾಪಿಯ ಆ ಭಾಗ ಹಾಳಾಗಿದ್ದರೆ ಅನ್‌ಜಿಪ್ ಏನೂ ಸಿಗಲಿಲ್ಲ ಅಂತ ಹೇಳಿಬಿಡುತ್ತದೆ. ಹೆದರಬೇಕಿಲ್ಲ. ಪ್ರತಿ ಫೈಲಿನ ಮುಂದೆಯೂ ಅದೇ ವಿವರ ಇನ್ನೊಂದು ಸಲ ಇರುತ್ತದೆ. ಇನ್ಫೋ-ಜಿಪ್‌ನ ಜಿಪ್ ಕಮಾಂಡಿಗೆ ದೊಡ್ಡ ಎಫ್ ಎರಡು ಸಲ ಕೊಟ್ಟರೆ, ಅದು ಪಿಕೆ ಸಹಿಗಳನ್ನು ಹುಡುಕುತ್ತಾ ಹೋಗಿ ಹೊಸ ಪಟ್ಟಿ ಕಟ್ಟುತ್ತದೆ. ಸ್ಮರಣ ಸಂಚಿಕೆಯೊಂದರ ಬಹುಪಾಲು ಲೇಖನ ನನಗೆ ಸಿಕ್ಕಿದ್ದು ಹೀಗೆಯೇ. ಸಿಆರ್‌ಸಿ (ಫೈಲ್ ಕೆಟ್ಟಿಲ್ಲ ಅಂತ ತಾಳೆ ನೋಡುವ ಸಂಖ್ಯೆ) ಹೊಂದಿದವನ್ನು ಒಂದು ಕಡೆ, ಹೊಂದದೇ ಇದ್ದವನ್ನು ಇನ್ನೊಂದು ಕಡೆ ಇಟ್ಟೆ.

ದೊಡ್ಡ ಪುಸ್ತಕಗಳೆಲ್ಲ ಎಆರ್‌ಜೆಯಲ್ಲಿದ್ದವು. ರಾಬರ್ಟ್ ಜಂಗ್ ಬರೆದ ಈ ಪ್ರೋಗ್ರಾಂ ನಮ್ಮ ಡಿಟಿಪಿಯವರಿಗೆ ಪ್ರಾಣ. ಕಮಾಂಡಿನಲ್ಲಿ ವಿ1440 ಅಂತ ಸೇರಿಸಿದರೆ ಸಾಕು, ದೊಡ್ಡ ಫೈಲನ್ನು ಫ್ಲಾಪಿಯ ಅಳತೆಗೆ ಕತ್ತರಿಸಿಕೊಡುತ್ತಿತ್ತು. ಮೊದಲನೆಯದು ಎಆರ್‌ಜೆ, ಆಮೇಲೆ ಎ01, ಎ02 ಅಂತ ಸಾಲಾಗಿ. ಪ್ರತಿ ತುಂಡಿಗೂ ತನ್ನದೇ ಹೆಡರ್ (ಶುರುವಿನ ವಿವರ) ಇರುವುದು ಇದರ ದೊಡ್ಡ ಗುಣ. ನಡುವಿನ ಫ್ಲಾಪಿ ಕಾಣೆಯಾಗಿದ್ದರೂ ಉಳಿದ ತುಂಡುಗಳಲ್ಲಿ ಪೂರ್ತಿಯಾಗಿ ಕೂತ ಫೈಲ್‌ಗಳನ್ನು ತೆಗೆಯಬಹುದು. ಪಿಕೆಜಿಪ್‌ನಲ್ಲಿ ಹಲವು ಫ್ಲಾಪಿಗೆ ಹರಡಿದ್ದರೆ ಕೊನೆಯ ಫ್ಲಾಪಿಯನ್ನೇ ಮೊದಲು ಹಾಕಬೇಕಿತ್ತು, ಪಟ್ಟಿ ಇರುವುದು ಅಲ್ಲಿ ತಾನೇ. ಆ ಒಂದು ಕೆಟ್ಟರೆ ಮಿಕ್ಕವು ಸುಮ್ನೆ ಕೂತಿರುತ್ತಿದ್ದವು. ಜಂಗ್ ಕೂಡ ಬಿಚ್ಚುವ ಪ್ರೋಗ್ರಾಮಿನ ಸೋರ್ಸನ್ನು ಹೊರಗೆ ಕೊಟ್ಟಿದ್ದರು. ಜಪಾನಿನ ಯೋಶಿಜಾಕಿ ಅವರ ಎಲ್‌ಎಚ್‌ಎ ಎಂಬ ಕುಗ್ಗಿಸುವ ಪ್ರೋಗ್ರಾಮಿನ ಕಥೆಯೂ ಹಾಗೆಯೇ.

ಬೆವರಿಳಿಸಿದ್ದು ಡಬ್ಬಿಯ ತಳದಲ್ಲಿದ್ದ ಹಾರ್ಡ್ ಡಿಸ್ಕ್. ಇಮೇಜ್ ತೆಗೆದು ನೋಡಿದರೆ ಡಾಸ್‌ನ ನಾಲ್ಕು ಫೈಲ್, ಜೊತೆಗೆ ಡಿಆರ್‌ವಿಸ್ಪೇಸ್.000 ಎಂಬ ಒಂದು ಅಡಗಿಸಿಟ್ಟ ದೈತ್ಯ ಫೈಲ್. ಇಡೀ ಡ್ರೈವ್ ಅದರೊಳಗೇ ಇತ್ತು. ಸ್ಟಾಕ್ ಕಂಪನಿ 1990ರಲ್ಲಿ ಸ್ಟ್ಯಾಕರ್ ಎಂಬ ಸಾಫ್ಟ್‌ವೇರ್ ತಂದು, ಡ್ರೈವನ್ನೇ ಕುಗ್ಗಿಸಿ ಜಾಗ ಹೆಚ್ಚು ಮಾಡಿಕೊಡುತ್ತಿತ್ತು. ಮೈಕ್ರೋಸಾಫ್ಟ್ 1993ರ ಎಂಎಸ್-ಡಾಸ್ 6ರಲ್ಲಿ ಡಬಲ್‌ಸ್ಪೇಸ್ ಸೇರಿಸಿತು. ಪೇಟೆಂಟ್ ಮೊಕದ್ದಮೆ ನಡೆದು, 1994ರಲ್ಲಿ ಜ್ಯೂರಿ ಸ್ಟಾಕ್‌ಗೆ 12 ಕೋಟಿ ಡಾಲರ್ ಕೊಡಬೇಕು ಅಂದಿತು. ಮೈಕ್ರೋಸಾಫ್ಟ್ 6.21ರಲ್ಲಿ ಆ ಸೌಲಭ್ಯ ತೆಗೆದು, 6.22ರಲ್ಲಿ ಡ್ರೈವ್‌ಸ್ಪೇಸ್ ಅಂತ ಹೊಸದಾಗಿ ಕೊಟ್ಟಿತು. ನಮ್ಮ ಪ್ರೆಸ್‌ನ ಡಿಸ್ಕ್ ಈ ಕೊನೆಯದ್ದು. 7-ಜಿಪ್, ಅನ್‌ಜಿಪ್ ಯಾವುದೂ ಇದನ್ನು ಮುಟ್ಟುವುದಿಲ್ಲ. ಹಳೆಯ ಕಂಪ್ಯೂಟರನ್ನು ಅನುಕರಿಸುವ ಎಮ್ಯುಲೇಟರಿನಲ್ಲಿ 6.22 ಬೂಟ್ ಮಾಡಿ, ಇಮೇಜಿನ ನಕಲನ್ನು ಎರಡನೇ ಡ್ರೈವಾಗಿ ಕೊಟ್ಟು ಮೌಂಟ್ ಮಾಡಿದೆ. ಒಳಗಿನ ಫೋಲ್ಡರುಗಳು ಒಂದೊಂದಾಗಿ ಕಂಡಾಗ ಆದ ಖುಷಿ ಅಷ್ಟಿಷ್ಟಲ್ಲ. ತಡಮಾಡದೆ ಎಲ್ಲವನ್ನೂ ಸಾದಾ ಡ್ರೈವಿಗೆ ಕಾಪಿ ಮಾಡಿಕೊಂಡೆ.

ಬಿಚ್ಚಿದ ಮೇಲೆ ಕನ್ನಡ ಅಕ್ಷರ ಕಾಣಬೇಕಾದರೆ ಆ ಕಾಲದ ಫಾಂಟ್ ಬೇಕು, ಯೂನಿಕೋಡಿಗೆ ಬದಲಾಯಿಸಬೇಕು. ಅದು ಬೇರೆಯೇ ದೊಡ್ಡ ಕೆಲಸ. ಇಲ್ಲಿ ಬೇಡ.

ಈಗ ಉಳಿಸಿಡುವ ರೀತಿ ಹೇಳಿಬಿಡುತ್ತೇನೆ. ಫ್ಲಾಪಿ ಇಮೇಜ್ ಮತ್ತು ಹಳೆಯ ಕಂಪ್ರೆಸ್ ಫೈಲ್ ಇದ್ದ ಹಾಗೇ ಇರಬೇಕು. ಬಿಚ್ಚಿದ ಫೈಲ್‌ಗಳ ಒಂದು ಪ್ರತಿ ಕುಗ್ಗಿಸದೆ, ಇನ್ನೊಂದು ಜಿಪ್‌ನಲ್ಲಿ. ಇನ್ನೂ ಸಣ್ಣದಾಗುತ್ತದೆ ಅಂತ 7-ಜಿಪ್‌ನ ಸಾಲಿಡ್ ವಿಧಾನ ಬಳಸುವುದಿಲ್ಲ. ಅದರಲ್ಲಿ ಎಲ್ಲಾ ಫೈಲ್‌ಗಳನ್ನೂ ಒಂದೇ ಸರಪಳಿ ಮಾಡುವುದರಿಂದ ಒಂದು ಕಡೆ ಕೆಟ್ಟರೆ ಮುಂದಿನವೂ ಎಳೆದುಕೊಂಡು ಹೋಗುತ್ತವೆ. ಯೂನಿಕೋಡ್ ಕನ್ನಡವನ್ನು ಯುಟಿಎಫ್-8 ರೀತಿಯಲ್ಲಿ ಬೈಟ್‌ಗಳಾಗಿ ಬರೆದರೆ ಒಂದೊಂದು ಚಿಹ್ನೆಗೆ ಮೂರು ಬೈಟ್ ಬೇಕು, "ಆಗಮನಾಭಿಲಾಷಿಗಳು" ಪದಕ್ಕೇ 42. ಆದರೆ ಆ ಮೂರರಲ್ಲಿ ಮೊದಲನೆಯದು ಯಾವಾಗಲೂ ಇ0, ಎರಡನೆಯದು ಬಿ2 ಇಲ್ಲವೇ ಬಿ3. ಹಾಗಾಗಿ ಡಿಫ್ಲೇಟ್ ಅದನ್ನು ಚೆನ್ನಾಗಿಯೇ ಕುಗ್ಗಿಸುತ್ತದೆ, ಗಾತ್ರದ ಚಿಂತೆ ಬೇಡ. ಫೈಲಿನ ಹೆಸರನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಇಡುತ್ತೇನೆ. ಹೆಸರು ಯುಟಿಎಫ್-8ರಲ್ಲಿದೆ ಅಂತ ಹೇಳುವ ಗುರುತು ಜಿಪ್‌ಗೆ ಸೇರಿದ್ದು 2006ರಲ್ಲಿ. ಅದನ್ನು ಹಾಕದ, ಓದದ ಸಾಫ್ಟ್‌ವೇರುಗಳಲ್ಲಿ ಕನ್ನಡದ ಹೆಸರು ಗೀಟು, ಚೌಕಗಳಾಗಿ ಕಾಣುತ್ತದೆ. ಕೊನೆಗೆ, ಕೊಡುವ ಮೊದಲು ಬೇರೊಂದು ಕಂಪ್ಯೂಟರಿನಲ್ಲಿ ಅನ್‌ಜಿಪ್‌ಗೆ ಟಿ ಕೊಟ್ಟು, ಪ್ರತಿ ಫೈಲಿನ ಮುಂದೂ ಓಕೆ ಬಂತೇ ಅಂತ ನೋಡಿಯೇ ಪೆನ್‌ಡ್ರೈವ್ ಅವರ ಕೈಗೆ ಕೊಡುತ್ತೇನೆ.