ಚಾಕಿ ತಟ್ಟೆಯಲ್ಲಿ ಬದುಕಿದ ಡ್ರ್ಯಾಗನ್ ಮರಿಗಳು

"ಸೊರಗಿದ ಮರಿ ಉಳಿಯಲ್ಲ, ಅದಕ್ಕೆ ಸುಮ್ನೆ ದುಡ್ಡು ಹಾಕಬೇಡ" ಅಂತ ಹೇಳಿದವರು ಒಬ್ಬಿಬ್ಬರಲ್ಲ. ಹತ್ತು ವರ್ಷದಿಂದ ಬಿಯರ್ಡೆಡ್ ಡ್ರ್ಯಾಗನ್ ಅನ್ನೋ ಹಲ್ಲಿ ಜಾತಿಯ ಪ್ರಾಣಿ ಸಾಕುತ್ತಿರುವವರೂ ಅದನ್ನೇ ಹೇಳಿದ್ದರು. ಈ ಸಲ ನನ್ನಲ್ಲಿ ಏಳು ಸೊರಗು ಮರಿ ಹುಟ್ಟಿದವು. ಐದು ಉಳಿದಿವೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಶಿಡ್ಲಘಟ್ಟದ ಹತ್ತಿರದ ಹಳ್ಳಿ. ಮನೆಯಲ್ಲಿ ಅಜ್ಜನ ಕಾಲದಿಂದ ರೇಷ್ಮೆ. ನಾನು ಡ್ರ್ಯಾಗನ್ ತಂದಾಗ ಊರವರು ಉಡ ಅಂದುಕೊಂಡರು. ಉಡ ಸಾಕಿದರೆ ಜೈಲು, ಇದು ಆಸ್ಟ್ರೇಲಿಯಾ ಮೂಲದ್ದು ಅಂತ ಮನೆಮನೆಗೂ ಹೇಳಬೇಕಾಯಿತು.

ಮೊದಲ ಎರಡು ಬ್ಯಾಚ್‌ನಲ್ಲಿ ಸೊರಗು ಮರಿ ಒಂದೂ ಉಳಿಯಲಿಲ್ಲ. ಒಂದು ಮೊಟ್ಟೆ ಬೆವರಿ, ಕುಗ್ಗಿ, ಸೀಳಿ, ಮೂಗಿನ ತುದಿ ಮಾತ್ರ ಹೊರಗೆ ಬಂದು ನಿಂತುಬಿಟ್ಟಿತು. ಹತ್ತು ಗಂಟೆ ಕಾದೆ. ತಾಳ್ಮೆ ಸಾಲದೆ ಕತ್ತರಿಯಲ್ಲಿ ಸಿಪ್ಪೆ ಬಿಡಿಸಿದೆ. ಒಳಗೆ ರಕ್ತನಾಳ ಇನ್ನೂ ಜೀವಂತ ಇತ್ತು, ಹೊಟ್ಟೆಗೆ ಬಟಾಣಿಯಷ್ಟು ಮೊಟ್ಟೆಯ ಹಳದಿ ಅಂಟಿತ್ತು. ಸಂಜೆಯೊಳಗೆ ಸತ್ತಿತು. ಈಗ ಒಂದೂವರೆ ದಿನ ಆದರೂ ಮುಟ್ಟಲ್ಲ.

ಎರಡನೇ ಬ್ಯಾಚ್ ಏಪ್ರಿಲ್‌ನಲ್ಲಿ. ಥರ್ಮೋಸ್ಟ್ಯಾಟ್ ಸೆನ್ಸರ್ ಮೊಟ್ಟೆಗೆ ಕಾವು ಕೊಡುವ ಡಬ್ಬಿಯಿಂದ ಜಾರಿ ಹೊರಗೆ ಬಿದ್ದಿತ್ತು. ನೋಡುವಷ್ಟರಲ್ಲಿ ಒಳಗೆ 35 ಡಿಗ್ರಿ. ಎರಡು ದಿನವಾದರೂ ಹಾಗೇ ಇದ್ದಿರಬೇಕು. ಸೊಟ್ಟ ಬಾಲ, ಗಿಡ್ಡ ಕೆಳದವಡೆ, ಒಂದಕ್ಕೆ ಕಣ್ಣೇ ಇಲ್ಲ. ಬಿಸಿ ಜಾಸ್ತಿ ಆದರೆ ಇಷ್ಟೇ ಅಲ್ಲ, 32 ಡಿಗ್ರಿ ದಾಟಿದರೆ ಗಂಡಾಗಬೇಕಾದ ಮೊಟ್ಟೆಯಿಂದಲೂ ಹೆಣ್ಣು ಬರಬಹುದು. ಆ ಬ್ಯಾಚ್‌ನಲ್ಲಿ ಉಳಿದ ಗಟ್ಟಿ ಮರಿಗಳಲ್ಲಿ ಒಂದೇ ಗಂಡು. ಸೊರಗಿದವಕ್ಕೆ ಮೊದಲ ದಿನದಿಂದಲೇ ಮೈ ಕಾಯಿಸುವ ಬಾಸ್ಕಿಂಗ್ ಲೈಟ್ ಹಾಕಿ, ಬಾಯಿಗೆ ಮಿಡತೆ ಹಿಡಿದೆ. ಒಣಗಿ ಸತ್ತವು. ಬೆಂಗಳೂರಿನಿಂದ ಬಸ್ಸಿನಲ್ಲಿ ತರಿಸುತ್ತಿದ್ದ ಮಿಡತೆ ನೂರಕ್ಕೆ 250 ರೂಪಾಯಿ ಹತ್ತಿರ. ಅರ್ಧ ದಾರಿಯಲ್ಲೇ ಸಾಯುತ್ತಿದ್ದವು. ಬದುಕಿದ್ದವು ರಾತ್ರಿ ಮಲಗಿದ ಮರಿಯ ಬೆರಳನ್ನೇ ಕಚ್ಚುತ್ತಿದ್ದವು. ಲೈಟು, ಹುಳು, ಓಡಾಟ ಸೇರಿ ಆ ವರ್ಷ 14 ಸಾವಿರ ಹೋಯಿತು. ಒಂದು ಮರಿಯನ್ನೂ ಮಾರಲಿಲ್ಲ.

ಉಪಾಯ ಹೊಳೆದದ್ದು ಅಮ್ಮನಿಂದ. ಚಾಕಿ ಕೋಣೆಯಲ್ಲಿ, ಅಂದರೆ ಎಳೆ ರೇಷ್ಮೆ ಹುಳು ಸಾಕುವ ಕೋಣೆಯಲ್ಲಿ, ಮೊಟ್ಟೆ ಒಡೆದ ಹುಳುಗಳಿಗೆ ಸೊಪ್ಪು ಹೆಚ್ಚಿ ಹಾಕುತ್ತಿದ್ದವಳು, "ಈ ಹುಳಕ್ಕೆ ಕೊಡೋ ತಂಪು ನಿನ್ನ ಮರಿಗೆ ಯಾಕೆ ಕೊಡಲ್ಲ?" ಅಂದಳು. ಚಾಕಿಗೆ 27-28 ಡಿಗ್ರಿ, ತೇವಾಂಶ 85ರಿಂದ 90. ನನ್ನ ಇನ್‌ಕ್ಯುಬೇಟರ್ ಲೆಕ್ಕವೂ ಹೆಚ್ಚುಕಡಿಮೆ ಅದೇ, ಅಲ್ವಾ? ಹಳದಿ ಒಳಗೆ ಸೇರದ ಮರಿ ಅಂದರೆ ಇನ್ನೂ ಅರ್ಧ ಮೊಟ್ಟೆಯಲ್ಲೇ ಇರುವ ಮರಿ. ಅದನ್ನು ಮರುಭೂಮಿಗೆ ಎಸೆದಿದ್ದೆ ನಾನು.

ಈ ಸಲ ಏಳನ್ನೂ ಚಾಕಿ ತಟ್ಟೆಗೆ ಹಾಕಿದೆ. ಸುತ್ತ ಒದ್ದೆ ಸ್ಪಂಜಿನ ಪಟ್ಟಿ, ಮೇಲೆ ಪ್ಯಾರಾಫಿನ್ ಪೇಪರ್ ಸಡಿಲವಾಗಿ. ಲೈಟಿಲ್ಲ, ಊಟವಿಲ್ಲ. ಮೊದಲು ಕೆಳಗೂ ಪ್ಯಾರಾಫಿನ್ ಪೇಪರ್ ಹಾಸಿ ತಪ್ಪು ಮಾಡಿದೆ. ಕಾಲು ಜಾರಿ ಜಾರಿ ಕಪ್ಪೆ ಹಾಗೆ ಅಗಲವಾದವು. ಅಜ್ಜನ ಹಳೇ ಪಂಚೆ ಹರಿದು ಒದ್ದೆ ಮಾಡಿ ಹಾಸಿದ ಮೇಲೆ ಉಗುರಿಗೆ ಹಿಡಿತ ಸಿಕ್ಕಿತು. ಮೂರನೇ ದಿನಕ್ಕೆ ಹೆಚ್ಚಿನವುಗಳ ಹಳದಿ ಮಾಯ, ಹೊಕ್ಕಳು ಕಡ್ಡಿಯಲ್ಲಿ ಗೀರಿದಷ್ಟು. ಒಂದನ್ನು ಇನ್ನೂ ಸೋತಿದೆ ಅಂತ ಆರು ದಿನ ಬಿಟ್ಟೆ. ಹೊಟ್ಟೆಯ ಚರ್ಮ ಬೂದು ಬಣ್ಣಕ್ಕೆ ತಿರುಗಿ ಕೊಳೆತು ಸತ್ತಿತು. ನಾಲ್ಕು ದಿನಕ್ಕಿಂತ ಜಾಸ್ತಿ ಬೇಡ.

ಹೊರಗೆ ತಂದ ಮೇಲೆ ಯುವಿಬಿ (ನೇರಳಾತೀತ ಕಿರಣದ ದೀಪ), ಲೈಟು ಎಲ್ಲ ಡ್ರ್ಯಾಗನ್ ಸಾಕುವವರು ಮಾಡುವ ಹಾಗೇ. ಬದಲಾದದ್ದು ಊಟ. ಒಂದನೇ ಜ್ವರ ಎದ್ದ, ಅಂದರೆ ಮೊದಲ ಸಲ ಪೊರೆ ಕಳಚಿದ ರೇಷ್ಮೆ ಹುಳು, ಮೇಲೆ ಕ್ಯಾಲ್ಸಿಯಂ ಪುಡಿ. ಮೆತ್ತಗೆ, ನೀರು ಜಾಸ್ತಿ, ಓಡಲ್ಲ, ಕಚ್ಚಲ್ಲ. ಈ ಸಲವೂ ಇದ್ದ ಒಂದು ಗಿಡ್ಡ ದವಡೆಯ ಮರಿ ಮೊದಲ ಹುಳುವನ್ನು ನಾಲ್ಕು ಸಲ ನೆಕ್ಕಿತು. ಐದನೇ ಸಲ ನಾಲಿಗೆಗೆ ಅಂಟಿದ ಹುಳು ಒಳಗೆ ಹೋಯಿತು. ಆಗ ಅದರ ತೂಕ 1.6 ಗ್ರಾಂ, ಚಿನ್ನ ತೂಗುವ ಪುಟ್ಟ ತಕ್ಕಡಿಯಲ್ಲಿ. ಹತ್ತು ದಿನಕ್ಕೆ 3 ದಾಟಿತು. ಹುಳುವನ್ನು ಜ್ವರಕ್ಕೆ ಕೂರುವ ಮೊದಲು ನಾಲ್ಕೈದು ದಿನ ಅದೇ ಗಾತ್ರದಲ್ಲಿ ಹೇಗೆ ತಡೆದಿಡುತ್ತೇನೆ ಅನ್ನೋದು ಸದ್ಯ ನನ್ನ ಹತ್ತಿರವೇ ಇರಲಿ.

ಎರಡನೇ ಸಾವು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಪಕ್ಕದ ಟೊಮೆಟೊ ತೋಟದಲ್ಲಿ ಔಷಧಿ ಹೊಡೆದಿದ್ದರು, ಗಾಳಿ ನಮ್ಮ ಹಿಪ್ಪುನೇರಳೆ ಕಡೆಗಿತ್ತು. ಬೆಳಿಗ್ಗೆ ಹುಳು ಹಾಕಿದೆ. ಮಧ್ಯಾಹ್ನ ತಟ್ಟೆಯಲ್ಲಿ ಉಳಿದ ಹುಳುಗಳು ತಲೆ ಎತ್ತಿ ಹಸಿರು ಕಕ್ಕುತ್ತಿದ್ದವು. ಆರರಲ್ಲಿ ಒಂದು ಮಾತ್ರ ತಿಂದಿತ್ತು, ಅದು ಸಂಜೆಗೆ ಹೋಯಿತು. ಈಗ ಹೊಸ ಸೊಪ್ಪು ತಿಂದ ಹುಳುವನ್ನು ಒಂದು ದಿನ ನೋಡಿಯೇ ಹಾಕುವುದು. ಹುಳುವಿನ ಹಾಸಿಗೆಗೆ ಸುಣ್ಣ, ಸೋಂಕುನಿವಾರಕ ಪುಡಿ ಉದುರಿಸಿದ ತಟ್ಟೆಯ ಹುಳು ಬೇಡವೇ ಬೇಡ.

ಫಿಲೇಚರ್‌ನಿಂದ (ನೂಲು ಬಿಚ್ಚುವ ಕಾರ್ಖಾನೆ) ಬೇಯಿಸಿದ ಪ್ಯೂಪಾ, ಅಂದರೆ ಗೂಡಿನೊಳಗಿನ ಹುಳು ತಂದು ದೊಡ್ಡವಕ್ಕೂ ಕೊಟ್ಟು ನೋಡಿದೆ. ಕಿಲೋ ಅಗ್ಗ, ಆದರೆ ಕೊಬ್ಬು ಜಾಸ್ತಿ. ಭೇದಿ, ಮನೆಯೆಲ್ಲ ನಾತ. ಬಿಟ್ಟೆ. ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿ, ಹಳೇ ಚಂದ್ರಿಕೆ ಮಾತ್ರ ಕೈ ಹಿಡಿಯಿತು. ಬಿಸಿನೀರಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ಒಂದು ತುಂಡು ಕತ್ತರಿಸಿ ಓರೆಯಾಗಿ ನಿಲ್ಲಿಸಿದೆ. ಕಾಲು ಅಗಲವಾಗೇ ಉಳಿದಿದ್ದ ಎರಡು ಮರಿ ಬಿದಿರಿನ ಸುರುಳಿ ಹಿಡಿದು ಹತ್ತುತ್ತಾ ಹತ್ತುತ್ತಾ ಮೂರು ವಾರದಲ್ಲಿ ಕಾಲು ಒಳಗೆ ತಂದುಕೊಂಡವು. ಟೇಪು ಸುತ್ತಿ ನೋಡಿದಾಗ ಆಗದ ಕೆಲಸ ಇದು.

ಈ ಸಲದ ಖರ್ಚು 3 ಸಾವಿರದೊಳಗೆ, ಹುಳು ಮನೆಯದೇ. ಮೂರು ಮರಿಗಳನ್ನು ಕೊಟ್ಟೆ. ಈ ಸಲದ ಒಂದು ಸೊಟ್ಟ ಬಾಲದ್ದಕ್ಕೂ ಗಿರಾಕಿ ಬಂದರು, ಮುಂದೆ ಮರಿ ಮಾಡಿಸುವ ಮಾತಾಡಿದರು, ಅದಕ್ಕೇ ಕೊಡಲಿಲ್ಲ. ಅದೂ ಗಿಡ್ಡ ದವಡೆಯದೂ ನನ್ನಲ್ಲೇ ಇವೆ. ದವಡೆಯದಕ್ಕೆ ಇವತ್ತಿಗೂ ಟ್ವೀಜರ್‌ನಲ್ಲೇ ಊಟ. ಸಂಜೆ ಅಮ್ಮ ಸೊಪ್ಪು ಹೆಚ್ಚೋಕೆ ಕೂತರೆ ಚಾಕುವಿನ ಸದ್ದಿಗೆ ಗಾಜಿನ ಹತ್ತಿರ ಬಂದು ನಿಲ್ಲುತ್ತದೆ.