ಪುನರ್ಪುಳಿಯ ಕೆಂಪನ್ನು ಕೆಡಿಸದೆ ಬಳಸುವ ಬಗೆ

ಬ್ಲೂಬೆರಿ ಉರಿಯೂತವನ್ನು ತಗ್ಗಿಸುತ್ತದೆ ಎಂದು ಓದಿ ಮಂಗಳೂರಿನ ಸೂಪರ್ ಮಾರ್ಕೆಟ್‌ಗಳಲ್ಲಿ ಪುಟ್ಟ ಡಬ್ಬಿಗೆ ದುಬಾರಿ ಬೆಲೆ ಕೊಡುವವರ ಹಿತ್ತಿಲಲ್ಲೇ, ಏಪ್ರಿಲ್-ಮೇ ತಿಂಗಳಲ್ಲಿ ಪುನರ್ಪುಳಿಯೂ (ಕೋಕಂ) ಅದರ ಬೆನ್ನಿಗೆ ನೇರಳೆಯೂ ನೇರಳೆಯ ಬಂಧುವಾದ ಪುಟ್ಟ ಕುಂಟಾಲ ಹಣ್ಣೂ ಉದುರಿ ಮಣ್ಣುಪಾಲಾಗುತ್ತಿರುತ್ತವೆ. ಈ ಎಲ್ಲ ಹಣ್ಣುಗಳಿಗೆ ಕೆಂಪು, ನೇರಳೆ ಬಣ್ಣ ಕೊಡುವುದು ಆಂಥೋಸಯನಿನ್ ಎಂಬ ಒಂದೇ ವರ್ಗದ ವರ್ಣದ್ರವ್ಯ. ಪುನರ್ಪುಳಿಯ ಸಿಪ್ಪೆಯಲ್ಲಿ ಅದರ ಜೊತೆಗೆ ಗಾರ್ಸಿನಾಲ್ ಎಂಬ ಇನ್ನೊಂದು ಸಂಯುಕ್ತವೂ ಇದೆ.

ಗಾಯವಾದಾಗ ಅಥವಾ ಸೋಂಕು ತಗುಲಿದಾಗ ಉಂಟಾಗುವ ಉರಿಯೂತ ದೇಹದ ರಕ್ಷಣೆಯೇ ಹೊರತು ರೋಗವಲ್ಲ. ಅದು ಸಣ್ಣ ಪ್ರಮಾಣದಲ್ಲಿ ವರ್ಷಗಟ್ಟಲೆ ಹೊಗೆಯಾಡುತ್ತಲೇ ಇದ್ದರೆ ಮಾತ್ರ ಹೃದಯರೋಗ, ಮಧುಮೇಹಗಳಿಗೆ ದಾರಿಯಾಗುತ್ತದೆ. ಪ್ರಯೋಗಾಲಯದ ಜೀವಕೋಶಗಳಲ್ಲಿ ಆಂಥೋಸಯನಿನ್‌ಗಳು, ಉರಿಯೂತಕ್ಕೆ ಚಾಲನೆ ಕೊಡುವ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನನ್ನು ಹಿಡಿತದಲ್ಲಿಡುವುದು ಕಂಡುಬಂದಿದೆ. ಆದರೆ ತಿಂದ ಬಣ್ಣದಲ್ಲಿ ಅಲ್ಪಭಾಗವಷ್ಟೇ ಇದ್ದ ರೂಪದಲ್ಲಿ ರಕ್ತ ಸೇರುತ್ತದೆ. ಉಳಿದದ್ದನ್ನು ಕರುಳಿನ ಬ್ಯಾಕ್ಟೀರಿಯಾಗಳು ಒಡೆದು ಫೀನಾಲಿಕ್ ಆಮ್ಲಗಳನ್ನಾಗಿ ಮಾಡುತ್ತವೆ, ಪರಿಣಾಮದ ಒಂದು ಪಾಲು ಆ ಆಮ್ಲಗಳದ್ದೇ ಇರಬೇಕೆಂದು ಭಾವಿಸಲಾಗಿದೆ. ಬೆರಿಗಳನ್ನು ಮನುಷ್ಯರಿಗೆ ಕೊಟ್ಟು ನಡೆಸಿದ ಪರೀಕ್ಷೆಗಳ ಫಲಿತಾಂಶ ಒಂದೇ ಬಗೆಯದಲ್ಲ, ಪುನರ್ಪುಳಿಯ ಮೇಲಿನ ಅಧ್ಯಯನಗಳಲ್ಲಿ ಹೆಚ್ಚಿನವು ಜೀವಕೋಶ ಮತ್ತು ಪ್ರಾಣಿಗಳ ಮೇಲೆ ನಡೆದವು. ಆದ್ದರಿಂದ ಇದನ್ನು ಊಟದ ಭಾಗವಾಗಿ ಸೇವಿಸಬೇಕು; ಸಂಧಿವಾತದ ಮಾತ್ರೆಯನ್ನು ಬಿಟ್ಟು ಶರಬತ್ತು ಕುಡಿಯುವುದು ತಪ್ಪು.

ಆಂಥೋಸಯನಿನ್ ಬಲು ನಾಜೂಕಿನ ವಸ್ತು. ಹುಳಿಯಲ್ಲಿ ಅದು ಗಟ್ಟಿಯಾಗಿ ನಿಲ್ಲುತ್ತದೆ, ಬಿಸಿ, ಬೆಳಕು ಮತ್ತು ಗಾಳಿಗೆ ಕೆಡುತ್ತದೆ. ನಮ್ಮ ಮನೆಗಳಲ್ಲಿ ಸಿರಪ್ ಮಾಡುವ ಹಳೆಯ ಕ್ರಮದಲ್ಲಿ ಅರ್ಧ ಜಾಣತನವೂ ಅರ್ಧ ತೊಡಕೂ ಇದೆ ಎಂದು ನನಗೆ ಅನ್ನಿಸುವುದು ಇದೇ ಕಾರಣಕ್ಕೆ. ಪೂರ್ತಿ ಹಣ್ಣಾದ, ಕಡುಗೆಂಪು ಪುನರ್ಪುಳಿಯನ್ನು ತೊಳೆದು, ನೀರಿನ ಪಸೆ ಉಳಿಯದಂತೆ ಒರೆಸಿ, ಅಡ್ಡಕ್ಕೆ ಸೀಳಿ, ಬೀಜವಿರುವ ತಿರುಳನ್ನು ತೆಗೆದು, ಬಟ್ಟಲಿನಂತಾದ ಸಿಪ್ಪೆಗಳಿಗೆ ಸಕ್ಕರೆ ತುಂಬಿ ಭರಣಿಯಲ್ಲಿ ಒತ್ತಾಗಿ ಜೋಡಿಸುವುದು ಜಾಣತನ, ಏಕೆಂದರೆ ಒಲೆಯ ಕಾವಿಲ್ಲದೆಯೇ ಸಕ್ಕರೆ ಸಿಪ್ಪೆಯ ರಸವನ್ನೂ ಬಣ್ಣವನ್ನೂ ಹೊರಗೆಳೆಯುತ್ತದೆ. ಆ ಭರಣಿ ಗಾಜಿನದಾಗಿದ್ದು ಅದನ್ನು ವಾರಗಟ್ಟಲೆ ಬಿಸಿಲಿಗಿಡುವುದು ತೊಡಕು. ಪಿಂಗಾಣಿ ಭರಣಿಯಲ್ಲಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಅಡುಗೆಮನೆಯ ಮೂಲೆಯಲ್ಲಿ ಇಟ್ಟರೂ ರಸ ಬಿಡುತ್ತದೆ, ಕೆಲವು ದಿನ ಹೆಚ್ಚು ಹಿಡಿಯಬಹುದು ಅಷ್ಟೆ. ಸಕ್ಕರೆಯ ತೂಕ ಸಿಪ್ಪೆಯ ತೂಕಕ್ಕಿಂತ ಕಡಿಮೆಯಾಗಬಾರದು, ಕಡಿಮೆಯಾದರೆ ಹುಳಿತು ನೊರೆ ಬರುತ್ತದೆ. ಅಲ್ಯೂಮಿನಿಯಂ ಮತ್ತು ಕಬ್ಬಿಣದ ಪಾತ್ರೆಗಳನ್ನು ಹತ್ತಿರ ತರಬಾರದು. ತೆಗೆದಿಟ್ಟ ತಿರುಳನ್ನು ಎಸೆಯದೆ ನೀರಿನಲ್ಲಿ ಕಿವುಚಿ ಸೋಸಿಕೊಂಡರೆ ಅಂದಿನ ಬಾಯಾರಿಕೆಗೆ ಆಗುತ್ತದೆ.

ಆದರೆ ಸಿರಪ್‌ನ ಲೆಕ್ಕವನ್ನು ಮರೆಯುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚಿಸಿದಂತೆ ಸೇರಿಸಿದ ಸಕ್ಕರೆಯನ್ನು ದಿನದ ಶಕ್ತಿಯ ಶೇ. 5ಕ್ಕೆ, ಎಂದರೆ ವಯಸ್ಕರಲ್ಲಿ ಸುಮಾರು 25 ಗ್ರಾಂಗೆ ಇಳಿಸುವುದು ಒಳ್ಳೆಯದು. ಮೂರು ದೊಡ್ಡ ಚಮಚ ಸಿರಪ್ ಬೆರೆಸಿದ ಒಂದೇ ಲೋಟ ಶರಬತ್ತು ಅಷ್ಟನ್ನು ಮುಗಿಸಿಬಿಡುತ್ತದೆ. ಹೀಗಾಗಿ ನಿತ್ಯದ ಬಳಕೆಗೆ ಒಣಗಿಸಿದ ಸಿಪ್ಪೆಯೇ ಮೇಲು. ನಾಲ್ಕೈದು ಸಿಪ್ಪೆಗಳನ್ನು ಒಂದು ಗಂಟೆ ನೀರಿನಲ್ಲಿ ನೆನೆಯಿಸಿ, ಹಸಿಮೆಣಸು, ಉಪ್ಪು, ಚೂರು ಬೆಲ್ಲ ಹಾಕಿದ ನೀರು ಕುದಿದ ಮೇಲೆ ಆ ರಸವನ್ನು ಸೇರಿಸಿ, ಒಂದು ಕುದಿ ಬಂದೊಡನೆ ಇಳಿಸಿ, ತೆಂಗಿನೆಣ್ಣೆಯಲ್ಲಿ ಸಾಸಿವೆ, ಕರಿಬೇವಿನ ಒಗ್ಗರಣೆ ಕೊಟ್ಟರೆ ಸಾರಿನ ಕೆಂಪು ಉಳಿಯುತ್ತದೆ.

ನೇರಳೆ ಮತ್ತು ಕುಂಟಾಲ ಹಣ್ಣುಗಳಿಗೆ ಇಷ್ಟೆಲ್ಲ ಉಪಚಾರ ಬೇಡ. ತೊಳೆದು, ಸಿಪ್ಪೆಸಹಿತ, ನಾಲಗೆ ನೀಲಿಯಾಗುವಂತೆ ತಿಂದರಾಯಿತು.

ಅಂಗಡಿಯ ಸಿರಪ್ ಬಗ್ಗೆ ಅನುಮಾನವಿದ್ದರೆ ಕೆಲವೇ ಹನಿಗಳನ್ನು ಅರ್ಧ ಲೋಟ ನೀರಿಗೆ ಹಾಕಿ ಚಿಟಿಕೆ ಅಡುಗೆ ಸೋಡಾ ಬೆರೆಸಿ ನೋಡಬಹುದು. ಹಣ್ಣಿನ ಬಣ್ಣವಾದರೆ ಕೆಂಪು ಹೋಗಿ ನೀಲಿ ಅಥವಾ ಮಾಸಲು ಹಸಿರಿನ ಕಡೆಗೆ ತಿರುಗುತ್ತದೆ, ಕೃತಕ ಬಣ್ಣವಾದರೆ ಸಾಮಾನ್ಯವಾಗಿ ಕೆಂಪಾಗಿಯೇ ಇರುತ್ತದೆ.

ರಕ್ತಹೀನತೆ ಇರುವವರು ಕಬ್ಬಿಣದ ಮಾತ್ರೆ ನುಂಗುವ ಹೊತ್ತಿಗೆ ಈ ಹಣ್ಣುಗಳನ್ನು ಸೇವಿಸದಿರುವುದು ಲೇಸು, ಆಂಥೋಸಯನಿನ್ ಸೇರಿದ ಪಾಲಿಫೀನಾಲ್ ಎಂಬ ಸಸ್ಯ ಸಂಯುಕ್ತಗಳು ಕಬ್ಬಿಣದ ಹೀರಿಕೆಯನ್ನು ತಗ್ಗಿಸುತ್ತವೆ. ಪುನರ್ಪುಳಿಯ ಬಂಧುವಾದ ಉಪ್ಪಾಗೆಯಿಂದ ತಯಾರಿಸಿ ತೂಕ ಇಳಿಸಲೆಂದು ಮಾರುವ ಗಾರ್ಸಿನಿಯಾ ಕ್ಯಾಪ್ಸೂಲ್‌ಗಳಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ವೈದ್ಯಕೀಯ ವರದಿಗಳಲ್ಲಿವೆ. ಸಾರಿಗೆ ಹಾಕುವ ಸಿಪ್ಪೆಗೂ ಸಾಂದ್ರಗೊಳಿಸಿದ ಆ ಗುಳಿಗೆಗೂ ಹೋಲಿಕೆ ಸಲ್ಲದು.

ಸೋಸಿದ ಸಿರಪ್ಪನ್ನು ಕಂದು ಬಣ್ಣದ ಬಾಟಲಿಯಲ್ಲಿ ಕತ್ತಿನವರೆಗೆ ತುಂಬಿ ಫ್ರಿಜ್‌ನಲ್ಲಿ ಇಡಬೇಕು. ಮಳೆಗಾಲ ಮುಗಿಯುವಷ್ಟರಲ್ಲಿ ಅದು ಕಂದಿದರೆ ಕೆಟ್ಟಿತೆಂದು ಚೆಲ್ಲಬೇಕಾಗಿಲ್ಲ, ಬಣ್ಣದ ಗುಣ ಹೋಗಿದ್ದರೂ ಹುಳಿ ಉಳಿದಿರುತ್ತದೆ.